ನಾಲ್ಕು ನಿಮಿಷದ ಕಳ್ಳ

ಜೂನ್ ತಿಂಗಳ ಎರಡನೆಯ ಮಂಗಳವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ ಕಾಪು, ನಮ್ಮ ಮನೆಯ ಜಗಲಿ. ಹಾಜರಿದ್ದವರು ನಾನು, ನನ್ನ ಹೆಂಡತಿ, ಮತ್ತು ಗೇಟಿನ ಹೊರಗೆ ಕೊಡೆ ಹಿಡಿದು ನಿಂತಿದ್ದ ಒಬ್ಬ ಮನುಷ್ಯ. ಅವನನ್ನು ಒಳಗೆ ಕರೆಯಬಾರದೆಂದು ಹೇಳಲು ಅಡುಗೆಮನೆಗೆ ಹೋದರೆ ಹೆಂಡತಿ ಆಗಲೇ ಮೂರು ಗ್ಲಾಸು ಚಹಾಕ್ಕೆ ನೀರಿಟ್ಟಿದ್ದಳು.

"ಎರಡು ಸಾಕು," ಎಂದೆ.

"ಮಳೆಯಲ್ಲಿ ನಿಂತಿದ್ದಾರೆ ಮಾರಾಯ್ರೆ."

"ನಿಲ್ಲಲಿ. ಬಸ್ಸು ನಿಲ್ಲಿಸಿ ಅವನಿಗೆ ಅಭ್ಯಾಸ ಉಂಟು. ಇವತ್ತು ತಾನೂ ಸ್ವಲ್ಪ ನಿಲ್ಲಲಿ."

ನಾನು ಉಡುಪಿಯ ಖಾಸಗಿ ಬಸ್ಸುನಿಲ್ದಾಣದಲ್ಲಿ ಇಪ್ಪತ್ತೊಂಬತ್ತು ವರ್ಷ ಟೈಮ್‌ಕೀಪರ್ ಆಗಿದ್ದವನು. ಹೊರಗಿನ ಊರಿನವರಿಗೆ ಇಂಥದೊಂದು ಕೆಲಸ ಇದೆಯೆಂದೇ ತಿಳಿದಿರುವುದಿಲ್ಲ. ನಮ್ಮಲ್ಲಿ ಒಂದೇ ದಾರಿಯಲ್ಲಿ ಹತ್ತಾರು ಧನಿಗಳ ಬಸ್ಸುಗಳು ಓಡುತ್ತವೆ, ಒಂದರ ಬೆನ್ನಿಗೆ ಇನ್ನೊಂದು. ನಡುವೆ ಇರುವುದು ನಾಲ್ಕೋ ಐದೋ ನಿಮಿಷ. ಮುಂದಿನ ಬಸ್ಸು ಎರಡು ನಿಮಿಷ ತಡಮಾಡಿ ಹೊರಟರೆ ಹಿಂದಿನ ಬಸ್ಸಿನ ಜನವನ್ನೆಲ್ಲ ಬಾಚಿಕೊಂಡು ಹೋಗುತ್ತದೆ. ಹಾಗಾಗಬಾರದೆಂದು ಧನಿಗಳೆಲ್ಲ ಸೇರಿ ಒಬ್ಬನ ಕೈಗೆ ಗಡಿಯಾರ, ಸೀಟಿ, ಪುಸ್ತಕ ಕೊಟ್ಟು ಒಂದು ಗೂಡಿನಲ್ಲಿ ಕೂರಿಸುತ್ತಾರೆ. ತಡಮಾಡಿದ ಬಸ್ಸಿನ ಟ್ರಿಪ್ ಕಟ್ ಮಾಡುವ ಅಧಿಕಾರ ಅವನಿಗೆ. ಟ್ರಿಪ್ ಕಟ್ ಆದರೆ ಆ ಬಸ್ಸು ಆ ಹೊತ್ತಿನ ಓಟ ಕಳೆದುಕೊಂಡು ಮೂಲೆಯಲ್ಲಿ ನಿಲ್ಲಬೇಕು.

ಗೇಟಿನ ಹೊರಗಿದ್ದವನು ಕಾರ್ಕಳ ಲೈನಿನ ಒಬ್ಬ ಧನಿಯ ಏಜೆಂಟ. ಜನರನ್ನು ಕೂಗಿ ಕರೆದು ಬಸ್ಸು ತುಂಬಿಸುವುದು ಅವನ ಕೆಲಸ. ನಿಮಿಷ ಕದಿಯುವುದರಲ್ಲಿ ಅವನಷ್ಟು ಪಳಗಿದವನನ್ನು ನಾನು ಬೇರೆ ಕಂಡಿಲ್ಲ. ಸೀಟಿ ಊದುವ ಹೊತ್ತಿಗೆ ಸರಿಯಾಗಿ ಅವನ ಚಪ್ಪಲಿ ಟಯರಿನ ಅಡಿಗೆ ಜಾರುತ್ತಿತ್ತು. ಇಲ್ಲವೇ ಮೀನುಬುಟ್ಟಿಯ ಹೆಂಗಸೊಬ್ಬಳು ದೂರದಲ್ಲಿ ಓಡಿ ಬರುತ್ತಿದ್ದಳು, ಅವನ ಕಣ್ಣಿಗೆ ಮಾತ್ರ. ವಾರಕ್ಕೊಮ್ಮೆಯಾದರೂ ಅವನ ಬಸ್ಸಿನ ಟ್ರಿಪ್ ಕಟ್ ಮಾಡುತ್ತಿದ್ದೆ. ಅವನು ನಗುತ್ತಿದ್ದ. ಆ ನಗುವಿನ ಒಳಗೆ ಏನು ಕೂಡಿಡುತ್ತಿದ್ದನೆಂದು ನಾನು ನಿವೃತ್ತನಾದ ಮೇಲೆ ಗೊತ್ತಾಯಿತು.

ನಮ್ಮ ಗೂಡಿನಲ್ಲಿ ಒಂದು ಕ್ರಮವಿತ್ತು. ಟೈಮ್‌ಕೀಪರ್ ಸಮಯವನ್ನು ಜೋರಾಗಿ ಹೇಳಬೇಕು, ಏಜೆಂಟ ಅದನ್ನು ಅಷ್ಟೇ ಜೋರಾಗಿ ಮರಳಿ ಹೇಳಬೇಕು, ಆಮೇಲೆ ಪುಸ್ತಕದಲ್ಲಿ ಬರೆಯಬೇಕು. ಬರೆದ ಮೇಲೆ ತಕರಾರಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ವಾರವೇ ಇದನ್ನು ನನ್ನ ಎಲುಬಿಗೆ ಇಳಿಸಿದ್ದರು. ಬಾಯಲ್ಲಿ ಹೇಳದ ಅಂಕಿ ನನ್ನ ಪುಸ್ತಕ ಹತ್ತಿದ್ದಿಲ್ಲ. ಸುಳ್ಳು ಅಂಕಿಯೂ ಹತ್ತಿದ್ದಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದೂ ಇಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನನ್ನ ಹತ್ತಿರ ಇದ್ದ ಆಸ್ತಿ ಅದೊಂದೇ.

ನಿವೃತ್ತಿಯಾದ ಮೇಲೆ ಬೆಳಗ್ಗೆ ನಾಲ್ಕೂವರೆಗೆ ಏಳುವ ಅಭ್ಯಾಸ ಹಾಗೆಯೇ ಉಳಿಯಿತು, ಮಾಡಲು ಕೆಲಸ ಉಳಿಯಲಿಲ್ಲ. ಮಣಿಪಾಲದಲ್ಲಿ ಜೆರಾಕ್ಸ್ ಅಂಗಡಿ ನಡೆಸುವ ಹೆಂಗಸೊಬ್ಬರು ನನ್ನ ಹಳೆಯ ಪುಸ್ತಕಗಳನ್ನು ನೋಡಿ, "ಅಂಕಲ್, ಇದನ್ನೆಲ್ಲ ಮೊಬೈಲಿನಲ್ಲಿ ಹಾಕಿ, ಜನರಿಗೆ ಉಪಕಾರ ಆಗ್ತದೆ," ಎಂದು ಒಂದು ಖಾತೆ ತೆರೆದು, ಅದರಲ್ಲಿ ಒಂದು ಪುಟ ಮಾಡಿಕೊಟ್ಟರು. ಪುಟದ ತಲೆಯಲ್ಲಿ ಖಾಕಿ ಅಂಗಿ ತೊಟ್ಟ ನನ್ನ ಫೋಟೋ. ಉಡುಪಿ, ಕಾರ್ಕಳ, ಕಾಪು, ಬೆಳ್ಮಣ್, ಹಿರಿಯಡ್ಕ, ಎಲ್ಲ ಬಸ್ಸುಗಳ ಸಮಯ ಅದರಲ್ಲಿತ್ತು. ಏನಾದರೂ ಬದಲಾದರೆ ಬೆಳಗ್ಗೆ ಆರು ಹತ್ತಕ್ಕೆ ಹಾಕುತ್ತಿದ್ದೆ. ಜನ ಅದನ್ನು ನೋಡಿಕೊಂಡು ಮನೆ ಬಿಡುವಂತಾಯಿತು. ಗೂಡು ಹೋದರೂ ಮಾತು ಉಳಿಯಿತಲ್ಲ ಎಂದು ನಾನು ಸಂತೋಷದಲ್ಲಿದ್ದೆ.

ಏಪ್ರಿಲ್‌ನ ಒಂದು ಮಧ್ಯಾಹ್ನ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಿದ್ದೆ. ಎದುರಿಗೆ ಏಜೆಂಟ ಬಂದು ಕುಳಿತ. ಕುಶಲ ವಿಚಾರಿಸಿದ, ನನ್ನ ಪುಟವನ್ನು ಹೊಗಳಿದ. ಅವನು ಹೊಗಳಿದಾಗಲೇ ನಾನು ಏಳಬೇಕಿತ್ತು. ಅವನ ಹೆಬ್ಬೆರಳು ಮೇಜಿನ ಅಡಿಯಲ್ಲಿ ಮೊಬೈಲಿನ ಮೇಲೆ ಓಡುತ್ತಿತ್ತು. ನನ್ನ ಮೊಬೈಲು ಟಿಣ್ ಎಂದಿತು.

"ಎಂತದೋ ಬಂತು ನೋಡಿ," ಎಂದ.

ಕನ್ನಡಕ ಹಾಕಿದೆ. ಆರು ಅಂಕಿಗಳ ಒಂದು ಸಂಖ್ಯೆ. ಅಂಕಿ ಕಂಡರೆ ನನ್ನ ಬಾಯಿ ಕಣ್ಣಿಗಾಗಿ ಕಾಯುವುದಿಲ್ಲ. ಗೂಡಿನಲ್ಲಿ ಕುಳಿತವನ ಹಾಗೆ ಜೋರಾಗಿ ಓದಿದೆ. ಅವನು ಅಷ್ಟೇ ಜೋರಾಗಿ ಮರಳಿ ಹೇಳಿದ. ನಾನು ಜೇಬಿನ ಪುಸ್ತಕ ತೆಗೆದು ಬರೆದುಕೊಂಡೆ.

"ಸರಿ ಉಂಟಾ?" ಎಂದ.

"ಸರಿ ಉಂಟು," ಎಂದು ಗೆರೆ ಹೊಡೆದೆ.

ಈ ಸಂಖ್ಯೆಯನ್ನು ಯಾರಿಗೂ ತಿಳಿಸಬೇಡಿ ಎಂಬ ಸಾಲು ಅದರ ಕೆಳಗಿತ್ತು. ನಾನು ಮೇಲಿನಿಂದ ಕೆಳಗೆ ಕ್ರಮವಾಗಿ ಓದುವವನು. ಆ ಸಾಲಿಗೆ ಬರುವಷ್ಟರಲ್ಲಿ ಸಂಖ್ಯೆ ನನ್ನ ಬಾಯಿಂದ ಹೋಗಿ ಅವನ ಬಾಯಿಂದ ಮರಳಿ ಬಂದಾಗಿತ್ತು. ಬೇರೆ ಯಾರಾದರೂ ಎದುರು ಕುಳಿತು ನನ್ನ ಸಂಖ್ಯೆಯನ್ನು ಮರಳಿ ಹೇಳಿದ್ದರೆ ಅನುಮಾನ ಬರುತ್ತಿತ್ತು. ಏಜೆಂಟ ಹೇಳಿದರೆ ಏನು ಅನುಮಾನ? ಏಜೆಂಟ ಇರುವುದೇ ಮರಳಿ ಹೇಳಲು. ಅವನು ನನ್ನ ಮೊಬೈಲು ಮುಟ್ಟಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ. ನನ್ನ ಶಿಸ್ತನ್ನೇ ಕೀಲಿಕೈ ಮಾಡಿಕೊಂಡು ಬಾಗಿಲು ತೆಗೆದ. ನಾನು ಅವನನ್ನು ಕ್ಷಮಿಸದಿರಲು ಅದೊಂದೇ ಸಾಕು.

ಮರುದಿನ ಪುಟ ನನ್ನನ್ನು ಒಳಗೆ ಬಿಡಲಿಲ್ಲ. ನೆಟ್‌ವರ್ಕಿನ ದೋಷವೆಂದು ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ಹೆಂಡತಿಯ ಮೊಬೈಲಿನಲ್ಲಿ ನೋಡಿದರೆ ಪುಟ ನಡೆಯುತ್ತಿದೆ! ನನ್ನ ಫೋಟೋ ಇದೆ, ಸರಿಯಾಗಿ ಆರು ಹತ್ತಕ್ಕೆ ಸಮಯವೂ ಬರುತ್ತಿದೆ. ನಾನು ಮಾತ್ರ ಅದರಲ್ಲಿಲ್ಲ.

ಅದಾದ ವಾರಕ್ಕೆ ಉಡುಪಿ ನಿಲ್ದಾಣದಲ್ಲಿ ಮೂವತ್ತು ವಯಸ್ಸಿನ ಒಬ್ಬಾಕೆ ನನ್ನೆದುರು ಬಂದು ನಿಂತಳು. ಬೆಳ್ಮಣ್ ಕಡೆಯವಳು, ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವಳು.

"ಟೈಮ್ ಹಾಕುವ ಅಜ್ಜ ನೀವೇ ಅಲ್ವಾ?"

"ಹೌದಮ್ಮ."

"ಆರು ಐವತ್ತಾರು ಅಂತ ಹಾಕ್ತೀರಿ, ಬಸ್ಸು ಆರು ಐವತ್ತೆರಡಕ್ಕೇ ಹೋಗಿ ಆಗಿರ್ತದೆ. ಮೂರು ಸಲ ಆಯ್ತು. ಮೂರು ಸಲವೂ ವಾರ್ಡಿಗೆ ತಡ ಆಗಿ ಎಲ್ಲರ ಎದುರು ಬೈಸಿಕೊಂಡೆ. ನಿಮಗೆ ಗೊತ್ತಿಲ್ಲದಿದ್ರೆ ಹಾಕಬೇಡಿ. ಫೋಟೋ ಬೇರೆ ಕೇಡು!"

ನಾನಲ್ಲ ಎಂದು ಹೇಳಬಹುದಿತ್ತು. ಫೋಟೋ ನನ್ನದು, ಹೆಸರು ನನ್ನದು, ಗಂಟೆಯೂ ನನ್ನದು. ಏನೆಂದು ಹೇಳಲಿ? ಆಕೆ ಹೋದ ಮೇಲೆ ಗೂಡಿನ ಪಕ್ಕದ ಕಲ್ಲಿನ ಮೇಲೆ ಕುಳಿತು, ಜೊತೆಗೆ ತಂದಿದ್ದ ಹೆಂಡತಿಯ ಮೊಬೈಲಿನಲ್ಲಿ ಎಲ್ಲ ಸಮಯಗಳನ್ನೂ ನನ್ನ ಪುಸ್ತಕದ ಜೊತೆ ತಾಳೆ ನೋಡಿದೆ. ಬದಲಾದದ್ದು ಮೂವತ್ತೊಂದು ಸಾಲು. ಪ್ರತಿಯೊಂದೂ ನಾಲ್ಕು ನಿಮಿಷ ಮುಂದಕ್ಕೆ ಸರಿದಿತ್ತು. ಆ ಮೂವತ್ತೊಂದು ಬಸ್ಸುಗಳ ಬೆನ್ನಿಗೆ ಬರುತ್ತಿದ್ದದ್ದು ಒಬ್ಬನೇ ಧನಿಯ ಬಸ್ಸು. ಮುಂದಿನದು ತಪ್ಪಿಸಿಕೊಂಡ ಜನ ಅದನ್ನೇ ಹತ್ತಬೇಕು. ಕಳ್ಳನ ಹೆಸರನ್ನು ಯಾರೂ ಹೇಳಬೇಕಾಗಲಿಲ್ಲ. ನಾಲ್ಕು ನಿಮಿಷ ಅವನ ಯಾವತ್ತಿನ ಅಳತೆ.

ನೇರ ಹೋಟೆಲಿಗೆ ಹೋಗಿ ಏಜೆಂಟನನ್ನು ಕೇಳಿದೆ.

"ನನಗೆ ಮೊಬೈಲಲ್ಲಿ ಫೋನ್ ಎತ್ತಲಿಕ್ಕೇ ಸರಿ ಬರುವುದಿಲ್ಲ ಮಾರಾಯ್ರೆ," ಎಂದ. ಆಮೇಲೆ ಪಕ್ಕದ ಮೇಜಿನ ಡ್ರೈವರುಗಳ ಕಡೆ ತಿರುಗಿ, "ಪ್ರಾಯ ಆಯ್ತಲ್ಲ ಇವರಿಗೆ. ಪಾಸ್‌ವರ್ಡ್ ಮರೆತು ಈಗ ನಮ್ಮ ಟ್ರಿಪ್ ಕಟ್ ಮಾಡ್ಲಿಕ್ಕೆ ಬಂದಿದ್ದಾರೆ!" ಎಂದ. ಎಲ್ಲರೂ ನಕ್ಕರು.

ಪೊಲೀಸರಿಗೆ ದೂರು ಕೊಡಬೇಕೆಂದು ಹೆಂಡತಿ ಹೇಳಿದಳು. ಕೊಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅವನನ್ನು ಕರೆಸುತ್ತಾರೆ, ಅವನು ಎರಡು ಹನಿ ಕಣ್ಣೀರು ಹಾಕುತ್ತಾನೆ, ಇಬ್ಬರೂ ಹಿರಿಯರು, ಕೈ ಕುಲುಕಿ ಹೋಗಿ ಎನ್ನುತ್ತಾರೆ. ನನಗೆ ಅವನ ಕೈ ಬೇಕಿರಲಿಲ್ಲ. ನನ್ನ ಪುಟ ಬೇಕಿತ್ತು. ಅದು ಬಂದ ಮೇಲೆ ಅವನ ಮುಖವನ್ನು ನೋಡಬೇಕಿತ್ತು.

ಮಣಿಪಾಲದ ಜೆರಾಕ್ಸ್ ಅಂಗಡಿಗೆ ಹೋದೆ. ಆ ಹೆಂಗಸು ಎಲ್ಲ ಕೇಳಿ, "ಇಮೇಲ್ ಒಂದು ಮಾಡಿದ್ದೆವಲ್ಲ ಅಂಕಲ್ ಆವತ್ತು. ಅದರ ಪಾಸ್‌ವರ್ಡ್ ನೆನಪುಂಟಾ?" ಎಂದರು.

ನೆನಪಿರಲಿಲ್ಲ, ಬರೆದಿಟ್ಟಿದ್ದೆ. ಪಾಸ್‌ವರ್ಡ್ ಬರೆದಿಡಬಾರದೆಂದು ಈಗಿನವರೆಲ್ಲ ಉಪದೇಶ ಮಾಡುತ್ತಾರೆ. ಮಾಡಲಿ. ನನ್ನ ಕಪಾಟಿನಲ್ಲಿ ಒಂದು ನೀಲಿ ರಿಜಿಸ್ಟರು ಇದೆ. ಯಾವ ಖಾತೆ, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ತೆರೆದದ್ದು, ಯಾರು ಹಾಜರಿದ್ದರು, ಎಲ್ಲ ಅದರಲ್ಲುಂಟು. ಮರುದಿನ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ವರ್ಷಗಟ್ಟಲೆ ಯಾರೂ ತೆರೆಯದಿದ್ದ ಇಮೇಲು ಮೊದಲ ಏಟಿಗೇ ತೆರೆಯಿತು. ಅದರೊಳಗೆ ಒಂದು ಪತ್ರ ಬಿದ್ದಿತ್ತು. ನಿಮ್ಮ ಪಾಸ್‌ವರ್ಡ್ ಮತ್ತು ಫೋನ್ ನಂಬರು ಬದಲಾಗಿವೆ, ಬದಲಿಸಿದ್ದು ನೀವಲ್ಲದಿದ್ದರೆ ಇಲ್ಲಿ ಒತ್ತಿ.

ಒತ್ತಿದೆ. ಕಂಪನಿಯವರು ಗುರುತಿನ ಚೀಟಿಯ ಫೋಟೋ ಕೇಳಿದರು, ಕೊಟ್ಟೆ. ಖಾತೆ ತೆರೆದ ದಿನ ಯಾವುದು, ಯಾವ ಊರಿನಲ್ಲಿ ಎಂದು ಕೇಳಿದರು. ರಿಜಿಸ್ಟರು ನೋಡಿ ನಿಮಿಷದ ಸಮೇತ ಕೊಟ್ಟೆ. ಎರಡು ವಾರದ ಮೇಲೆ ಉತ್ತರ ಬಂತು. ವಿಚಾರಣೆ ಮುಗಿಯುವವರೆಗೆ ಪುಟವನ್ನೂ, ಅದನ್ನು ನಡೆಸುತ್ತಿದ್ದ ಫೋನಿನಲ್ಲಿರುವ ಎಲ್ಲ ಖಾತೆಗಳನ್ನೂ ತಡೆಹಿಡಿದಿದ್ದೇವೆ, ಕೊನೆಯ ಪ್ರಶ್ನೆಗಳಿಗೆ ಮಂಗಳವಾರ ಮಧ್ಯಾಹ್ನದೊಳಗೆ ಉತ್ತರಿಸಿ.

ಆ ಫೋನಿನಲ್ಲಿ ಏಜೆಂಟನ ಸ್ವಂತ ಖಾತೆಯೂ ಇತ್ತು. ಅದೂ ಮುಚ್ಚಿಹೋಗಿತ್ತು. ಆದ್ದರಿಂದಲೇ ಮಂಗಳವಾರ ಬೆಳಗ್ಗೆ ಮೊದಲ ಬಸ್ಸಿಗೆ ಕಾಪುವಿಗೆ ಬಂದು ನಮ್ಮ ಗೇಟಿನ ಹೊರಗೆ ನಿಂತಿದ್ದ.

ಚಹಾ ಕುಡಿದು, ಲೋಟ ತೊಳೆದಿಟ್ಟು, ಏಳು ಗಂಟೆಗೆ ಗೇಟಿನ ಹತ್ತಿರ ಹೋದೆ.

"ಎಂತ?" ಎಂದೆ.

"ತಮಾಷೆಗೆ ಮಾಡಿದ್ದು ಮಾರಾಯ್ರೆ."

"ಫೋನ್ ಎತ್ತಲಿಕ್ಕೇ ಸರಿ ಬರುವುದಿಲ್ಲ ಅಂದದ್ದು ಯಾರು?"

ಕೊಡೆಯ ನೀರು ಅವನ ಬೆನ್ನಿಗೆ ಇಳಿಯುತ್ತಿತ್ತು. ಅದನ್ನು ನಾನು ಸಾವಕಾಶವಾಗಿ ನೋಡಿದೆ.

"ಪುಟ ಇಬ್ಬರೂ ಸೇರಿ ನಡೆಸುವುದು, ಒಂದು ಸಣ್ಣ ಮನಸ್ತಾಪ ಬಂತು ಅಂತ ಅವರಿಗೆ ಬರೆಯಿರಿ. ಅಷ್ಟು ಸಾಕು, ನನ್ನದು ಬಿಡ್ತಾರೆ," ಎಂದ.

"ನನಗೆ ಏಳು ಹದಿನೈದರ ಬಸ್ಸುಂಟು," ಎಂದು ಕೊಡೆ ಬಿಡಿಸಿದೆ.

ಬಸ್ಸಿನಲ್ಲಿ ಅವನು ನನ್ನ ಪಕ್ಕದಲ್ಲೇ ಬಂದು ಕುಳಿತ. ಕಟಪಾಡಿ ದಾಟಿದ ಮೇಲೆ ಸಣ್ಣ ದನಿಯಲ್ಲಿ ಶುರುಮಾಡಿದ. ಆ ಖಾತೆಯಲ್ಲಿ ಅವನ ಮಗಳ ಮದುವೆಯ ಫೋಟೋಗಳಿದ್ದವಂತೆ. ಅವನು ತುಂಬಿಸಿದ ಬಸ್ಸುಗಳ ಫೋಟೋ, ಹೊಸ ಬಸ್ಸು ಬಂದ ದಿನ ಹೂವು ಹಾಕಿ ತೆಗೆದದ್ದು, ಒಂದೊಂದರದ್ದೂ ಇದ್ದವಂತೆ.

"ಆ ಬಸ್ಸೆಲ್ಲ ಗುಜರಿಗೆ ಹೋಯ್ತು. ಈಗ ಫೋಟೋದಲ್ಲಿ ಮಾತ್ರ ಇದ್ದದ್ದು," ಎಂದ.

ನಾನು ಕಿಟಕಿಯ ಹೊರಗೆ ನೋಡಿದೆ. ಅವನ ಮಾತು ನಿಜವೆಂದು ನನಗೆ ಗೊತ್ತಿತ್ತು. ಆ ಬಸ್ಸುಗಳ ನಂಬರು ಇವತ್ತಿಗೂ ನನಗೆ ಬಾಯಿಪಾಠ. ಆದರೆ ನನಗೆ ಅಯ್ಯೋ ಎನಿಸಲಿಲ್ಲ. ವಾರ್ಡಿನಲ್ಲಿ ತಲೆ ತಗ್ಗಿಸಿ ನಿಂತ ಬೆಳ್ಮಣ್‌ನ ಆಕೆಯ ಫೋಟೋವನ್ನು ಯಾರೂ ತೆಗೆದಿರಲಿಲ್ಲ.

ಮಣಿಪಾಲಕ್ಕೆ ತಲುಪಿ ಅಂಗಡಿ ತೆರೆಯುವವರೆಗೆ ಇಬ್ಬರೂ ಮಾಡಿನ ಅಡಿಯಲ್ಲಿ ನಿಂತೆವು. ಹೆಂಗಸು ಬಂದು ಬಾಗಿಲೆತ್ತಿ, ನಮ್ಮಿಬ್ಬರನ್ನೂ ನೋಡಿ, "ಓ, ಇವರೇನಾ ಅದು?" ಎಂದರು.

"ಇವರೇ," ಎಂದೆ.

ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಬಂತು. ಯಾವ ದಿನ, ಎಷ್ಟು ಗಂಟೆಗೆ, ಯಾವ ಫೋನಿನಿಂದ ನನ್ನ ಪುಟವನ್ನು ತೆರೆಯಲಾಗಿದೆ ಎಂಬ ಲೆಕ್ಕ. ಪ್ರತಿ ಸಾಲಿನ ಎದುರು ಎರಡು ಗುಂಡಿಗಳು: ಇದು ನಾನು, ಇದು ನಾನಲ್ಲ. ನೋಡಿ ನನಗೆ ಸಂತೋಷವೇ ಆಯಿತು. ನನಗಿಂತ ಚೆನ್ನಾಗಿ ಪುಸ್ತಕ ಇಡುವವರು ಇದ್ದಾರೆ! ಚಪ್ಪಲಿ ಜಾರಿತು, ಮೀನುಬುಟ್ಟಿಯವಳು ಬಂದಳು ಎಂಬ ಕತೆ ಅಲ್ಲಿ ನಡೆಯುವುದಿಲ್ಲ. ಒಂದೊಂದೇ ಸಾಲು ಓದಿ, ನಾನಲ್ಲ, ನಾನಲ್ಲ ಎಂದು ಒತ್ತುತ್ತ ಹೋದೆ. ಏಜೆಂಟ ನನ್ನ ಹಿಂದೆ ನಿಂತು ನೋಡುತ್ತಿದ್ದ. ಬೇಕೆಂದೇ ನಿಧಾನವಾಗಿ ಒತ್ತಿದೆ.

ಎಲ್ಲ ಮುಗಿದ ಮೇಲೆ ಕೊನೆಯ ಪ್ರಶ್ನೆ ಬಂತು. ಈ ಫೋನಿನ ಮಾಲೀಕರು ನಿಮಗೆ ಪರಿಚಯವೇ?

"ನಿಲ್ಲಿ ಅಂಕಲ್, ಒತ್ತಬೇಡಿ," ಎಂದು ಹೆಂಗಸು ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ ವಿವರಿಸಿದರು. ಪರಿಚಯ ಉಂಟು ಎಂದರೆ ಇದು ಗೊತ್ತಿದ್ದವರ ನಡುವಿನ ಜಗಳ ಎಂದು ಲೆಕ್ಕ. ವಿಚಾರಣೆ ಇನ್ನೂ ಮುಂದುವರಿಯುತ್ತದೆ, ಪುಟ ಮುಚ್ಚಿಯೇ ಇರುತ್ತದೆ, ಯಾರಿಗೆ ಸಿಗುತ್ತದೋ ಹೇಳುವಂತಿಲ್ಲ. ಪರಿಚಯ ಇಲ್ಲ ಎಂದರೆ ಪುಟ ಇವತ್ತೇ ನನಗೆ. ಆ ಫೋನಿನ ಮಾಲೀಕನ ಸ್ವಂತ ಖಾತೆ ಶಾಶ್ವತವಾಗಿ ಬಂದ್, ಅದರಲ್ಲಿ ಇದ್ದದ್ದೆಲ್ಲ ಹೋದ ಹಾಗೆ.

ನನ್ನ ಬೆರಳು ನಿಂತಿತು. ಕರುಣೆಯಿಂದ ನಿಂತದ್ದಲ್ಲ. ಎದುರಿಗಿದ್ದದ್ದು ಒಂದು ಪುಸ್ತಕ, ಅದರಲ್ಲಿ ನಾನು ಬರೆಯಬೇಕಾದದ್ದು ಒಂದು ಸುಳ್ಳು. ಆ ತನಕ ಹಾಗೆ ಬರೆದವನಲ್ಲ ನಾನು.

ಏಜೆಂಟನಿಗೆ ಅದು ನನಗಿಂತ ಮೊದಲೇ ಗೊತ್ತಾಯಿತು. ಅವನ ದನಿಯಲ್ಲಿ ಹಳೆಯ ಧೈರ್ಯ ಮರಳಿ ಬಂತು.

"ಇಪ್ಪತ್ತೊಂಬತ್ತು ವರ್ಷ ದಿನಾ ನನ್ನ ಮುಖ ನೋಡಿದ್ದೀರಿ. ಪರಿಚಯ ಇಲ್ಲ ಅಂತ ನಿಮ್ಮಿಂದ ಬರೆಯಲಿಕ್ಕೆ ಆಗ್ತದಾ? ಆಗುವುದಿಲ್ಲ ಟೈಮ್‌ಕೀಪರ್ರೇ. ನಿಮ್ಮನ್ನು ನನಗೆ ಗೊತ್ತುಂಟು."

ಅವನು ಬಾಯಿ ಮುಚ್ಚಿಕೊಂಡಿದ್ದರೆ ನಾನು ಏನು ಮಾಡುತ್ತಿದ್ದೆನೋ ಹೇಳಲಾರೆ. ಎರಡನೆಯ ಸಲ ಅವನು ನನ್ನ ಶಿಸ್ತನ್ನು ಹಿಡಿದು ಬಾಗಿಲು ತೆಗೆಯಲು ನೋಡಿದ. ನಾನು ಹೀಗೆಯೇ ಮಾಡುತ್ತೇನೆ, ಬೇರೆ ಮಾಡಲಾರೆ ಎಂದು ಲೆಕ್ಕ ಹಾಕಿಟ್ಟಿದ್ದ. ಒಬ್ಬ ಮನುಷ್ಯನ ಸತ್ಯವನ್ನು ತನ್ನ ಅನುಕೂಲದ ಸಾಮಾನು ಮಾಡಿಕೊಂಡವನಿಗೆ ಆ ಸತ್ಯದಲ್ಲಿ ಪಾಲು ಕೊಡಬೇಕೆಂದು ಎಲ್ಲೂ ಬರೆದಿಲ್ಲ.

ಪರಿಚಯ ಇಲ್ಲ ಎಂಬ ಗುಂಡಿ ಒತ್ತಿದೆ.

ಏಜೆಂಟ ಪರದೆಯ ಹತ್ತಿರ ಬಗ್ಗಿ ನೋಡಿದ. ಆಮೇಲೆ ನಕ್ಕ, ಅದೇ ಹಳೆಯ ನಗು.

"ನಿಮ್ಮ ಪುಸ್ತಕದಲ್ಲಿ ಒಂದಾದರೂ ಸುಳ್ಳು ಉಂಟಾ ಅಂತ ಇಷ್ಟು ವರ್ಷ ಹುಡುಕಿದ್ದೆ ಮಾರಾಯ್ರೆ. ಇವತ್ತು ಸಿಕ್ಕಿತು."

"ಸಿಕ್ಕಿತಲ್ಲ, ಇಟ್ಟುಕೋ," ಎಂದೆ. "ಬೇರೆ ಎಂತದೂ ನಿನಗೆ ಸಿಗಲಿಕ್ಕಿಲ್ಲ."

ಕೊಡೆ ಎತ್ತಿಕೊಂಡು ಮಳೆಗೆ ಇಳಿದ. ಅವನು ಹೋದ ದಾರಿಯನ್ನು ತಿರುವಿನವರೆಗೂ ನೋಡಿದೆ. ಅವನ ಮುಖ ನೋಡಬೇಕೆಂದು ಎರಡು ತಿಂಗಳು ಕಾದಿದ್ದೆ. ನೋಡಿಯಾಯಿತು. ಇನ್ನೂ ಸ್ವಲ್ಪ ಹೊತ್ತು ಕಂಡಿದ್ದರೆ ಬೇಡವೆನ್ನುತ್ತಿರಲಿಲ್ಲ.

ನೀಲಿ ರಿಜಿಸ್ಟರು ತೆರೆದು ಆ ದಿನದ ಸಾಲು ಬರೆದೆ. ಗಂಟೆ ಹನ್ನೊಂದು ಇಪ್ಪತ್ತು, ಮಣಿಪಾಲ, ಹಾಜರಿದ್ದವರು ಮೂವರು. ಕಂಪನಿಯ ಪ್ರಶ್ನೆಗೆ ಪರಿಚಯವಿಲ್ಲ ಎಂದು ಉತ್ತರಿಸಿದ್ದೇನೆ, ಉತ್ತರ ಸುಳ್ಳು. ಹೆಂಗಸು ಬಗ್ಗಿ ಓದಿ, "ಇದನ್ನೂ ಬರೀತೀರಾ ಅಂಕಲ್?" ಎಂದರು.

"ಅದು ಅವರ ಪುಸ್ತಕ, ಇದು ನನ್ನದು," ಎಂದೆ.

ಮಧ್ಯಾಹ್ನ ಎರಡೂವರೆಗೆ ಪುಟ ತೆರೆಯಿತು. ಹೆಂಗಸು ಮೊದಲು ಪಾಸ್‌ವರ್ಡ್ ಬದಲಿಸಿದರು. ಗಂಟೆ ನಿಮಿಷ ಯಾವುದನ್ನೂ ಅದರಲ್ಲಿ ಸೇರಿಸಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು. ಹೊಸ ಫೋನಿನಿಂದ ಯಾರು ಒಳಗೆ ಬರಲು ನೋಡಿದರೂ ಹೆಂಡತಿಯ ಮೊಬೈಲಿಗೂ ಸೂಚನೆ ಹೋಗುವಂತೆ ಮಾಡಿದರು. ಅವಳು ಅಂಕಿ ಕಂಡರೆ ಬಾಯಿ ತೆರೆಯುವವಳಲ್ಲ. ಸಂಖ್ಯೆ ಬಂದರೆ ಮನಸ್ಸಿನಲ್ಲಿ ಓದಬೇಕೆಂದು ನನಗೂ ಪಾಠ ಹೇಳಿ, ಪರೀಕ್ಷೆಗೆ ಒಂದು ಸಂಖ್ಯೆ ಕಳುಹಿಸಿದರು. ಮೊದಲ ಎರಡು ಅಂಕಿ ಬಾಯಿಂದ ಜಾರಿಯೇ ಬಿಟ್ಟವು. ಉಳಿದ ನಾಲ್ಕನ್ನು ಹಲ್ಲು ಕಚ್ಚಿ ನುಂಗಿದೆ.

ಆಮೇಲೆ ತಿದ್ದುವ ಕೆಲಸ. ಮೂವತ್ತೊಂದು ಸಾಲು, ಒಂದೊಂದೂ ನಾಲ್ಕು ನಿಮಿಷ ಹಿಂದಕ್ಕೆ. ಬೆಳ್ಮಣ್‌ನಿಂದ ಹೊರಡುವ ಬೆಳಗ್ಗಿನ ಬಸ್ಸನ್ನು ಎಲ್ಲಕ್ಕಿಂತ ಮೊದಲು ತಿದ್ದಿದೆ. ನಂತರ ಕಾರ್ಕಳದ ಹದಿನೇಳು. ನಡುವೆ ಹೆಂಗಸು ಒಂದು ಚಹಾ ತರಿಸಿದರು, ಕುಡಿಯಲು ಮರೆತೆ. ಕೊನೆಗೆ ಉಳಿದದ್ದು ಹಿರಿಯಡ್ಕದಿಂದ ಕಾರ್ಕಳಕ್ಕೆ ಸಂಜೆ ಏಳು ಇಪ್ಪತ್ತೊಂದಕ್ಕೆ ಹೊರಡುವ ಬಸ್ಸು. ಇಪ್ಪತ್ತೈದು ಎಂದಿದ್ದುದನ್ನು ಇಪ್ಪತ್ತೊಂದು ಮಾಡಿ ಸೇವ್ ಒತ್ತಿದೆ. ಗಂಟೆ ನಾಲ್ಕು ಮೂವತ್ತೆಂಟು.